ಗುಳಿಗೆ ರೋಗಿಯದು, ಅಂಚು ಸಾಹೇಬರದು

ಕಚೇರಿಗಳಲ್ಲಿ ನಾನು ಕಳೆದ ಕಾಲದ ಬಹುಪಾಲು ಬೇರೆಯವರು ಒತ್ತಿಟ್ಟ ಸ್ಪೇಸ್‌ಬಾರನ್ನು ಅಳಿಸುವುದರಲ್ಲೇ ಹೋಯಿತು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ‘ಡಾಕ್ಯುಮೆಂಟೇಶನ್’ ಎನ್ನುತ್ತೇನೆ. ಆ ಪದ ಕಿವಿಗೆ ಬಿದ್ದವರು ಮತ್ತೇನೂ ಕೇಳದೆ ಹವಾಮಾನದ ಮಾತಿಗೆ ತಿರುಗುತ್ತಾರೆ. ಆದರೆ ಈಚೆಗೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಹುಡುಗಿ ಇಂಥದ್ದೇ ಕೆಲಸಕ್ಕೆ ಸೇರಿದ್ದಾಳೆ. ಸೇರಿದ ವಾರದಲ್ಲೇ ಬಂದು, “ಆಂಟೀ, ಕಂಪ್ಯೂಟರ್ ಟೈಪಿಂಗ್ ನನಗೆ ಪೂರ್ತಿ ಬರುತ್ತೆ. ಇನ್ನೇನು ಕಲಿಯೋದಿರುತ್ತೆ ಇದರಲ್ಲಿ?” ಎಂದಳು. ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟೈಪಿಂಗ್ ನನಗೂ ಪೂರ್ತಿ ಬರುತ್ತಿತ್ತಮ್ಮ. ನನಗೆ ಅರ್ಥವಾಗದೆ ಉಳಿದದ್ದು ಸಾಹೇಬರುಗಳು.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ. ಮದುವೆಯಾಗಿ ಸೇರಿದ್ದು ವಿಶಾಖಪಟ್ಟಣದ ತೆಲುಗು ಮನೆ. ಅತ್ತೆಯವರ ಹತ್ತಿರ ತೆಲುಗು ಕಲಿತು, ಅದು ನಾಲಿಗೆಗೆ ಹೊಂದಿಕೊಂಡ ಮೇಲೆ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯ ಟೆಂಡರ್ ವಿಭಾಗಕ್ಕೆ ಟೈಪಿಸ್ಟ್ ಆಗಿ ಸೇರಿದೆ. ಕಂಪನಿ ಪಂಪುಗಳನ್ನು ಮಾರುತ್ತಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಮೂರ್ತಿಯವರು, ಅಲ್ಲಿನವರ ಬಾಯಲ್ಲಿ ಮೂರ್ತಿಗಾರು.

ಮೂರ್ತಿಗಾರು ಟೈಪ್‌ರೈಟರ್ ಕಾಲದವರು. ಪುಟದ ಅಂಚು ಎಷ್ಟಿದೆ ಎಂದು ನೋಡಲು ಅವರು ಮೇಜಿನ ಖಾನೆಯಿಂದ ಮರದ ಸ್ಕೇಲು ತೆಗೆದು ಮಾನಿಟರಿನ ಗಾಜಿಗೆ ಒತ್ತಿ ಹಿಡಿಯುತ್ತಿದ್ದರು. ಒಮ್ಮೆ ಅಕ್ಷರ ಚೆನ್ನಾಗಿ ಕಾಣಲೆಂದು ನಾನು ಪರದೆಯ ಮೇಲೆ ಪುಟವನ್ನು ದೊಡ್ಡದು ಮಾಡಿಕೊಂಡಿದ್ದೆ. ಅವರು ಸ್ಕೇಲು ಇಟ್ಟವರೇ ಬೆವೆತುಹೋದರು.

“ಏಮಮ್ಮಾ, ಒಂದು ಅಂಗುಲ ಇದ್ದ ಅಂಚು ಎರಡಾಗಿದೆ! ಯಾರನ್ನು ಕೇಳಿ ಮಾಡಿದಿರಿ?”

ನಾನು ಮತ್ತೆ ಚಿಕ್ಕದು ಮಾಡಿದೆ. ಅವರು ಮತ್ತೆ ಸ್ಕೇಲು ಇಟ್ಟರು. “ಹಾಂ, ಈಗ ಸರಿ. ಇನ್ನು ಮುಂದೆ ನನಗೆ ತಿಳಿಸದೆ ಬದಲಾಯಿಸಬೇಡಿ” ಎಂದು ಎಚ್ಚರಿಕೆ ಕೊಟ್ಟು ಹೋದರು.

ಆ ವಿಭಾಗದಲ್ಲಿ ಕಂಪ್ಯೂಟರ್ ಎಂದರೆ ಕರೆಂಟಿನಲ್ಲಿ ಓಡುವ ಟೈಪ್‌ರೈಟರ್. ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಬೇಕು. ಶೀರ್ಷಿಕೆ ನಡುವಿಗೆ ಬರಬೇಕಾದರೆ ಅದು ಬರುವ ತನಕ ಸ್ಪೇಸ್‌ಬಾರ್ ಒತ್ತುತ್ತಿರಬೇಕು. ಮೊದಲ ಪುಟದ ಪರಿವಿಡಿಯನ್ನು ಕೈಯಾರೆ ಟೈಪ್ ಮಾಡಿ, ಚುಕ್ಕಿ ಸಾಲು ಹಾಕಿ, ಒಂದೊಂದು ಪುಟಸಂಖ್ಯೆಯನ್ನೂ ನಾವೇ ಹಾಕಬೇಕು. ಸಾಲುಗಳು ನೋಡಲು ಮುತ್ತು ಪೋಣಿಸಿದಂತೆ ಇರುತ್ತಿದ್ದವು. ಯಾರಾದರೂ ನಡುವೆ ಒಂದು ಪದ ಸೇರಿಸಿದರೆ ಮಾತ್ರ ಮುತ್ತೆಲ್ಲ ನೆಲದ ಮೇಲೆ.

ಒಂದು ದೊಡ್ಡ ಟೆಂಡರು ಸಲ್ಲಿಸುವ ದಿನ ಹೀಗೇ ಆಯಿತು. ಮಾಲೀಕರು ಬೆಳಿಗ್ಗೆ ಬಂದು, ತಮ್ಮ ತಂದೆಯವರ ಭಾವಚಿತ್ರ ಮತ್ತು ಜೀವನಸಾಧನೆಯ ಒಂದು ಪುಟವನ್ನು ಮೊದಲಿಗೇ ಸೇರಿಸಬೇಕೆಂದರು. ಸೇರಿಸಿದೆವು. ಅಲ್ಲಿಂದ ಮುಂದಿನ ಪುಟಸಂಖ್ಯೆಗಳೆಲ್ಲ ಒಂದೊಂದು ಮುಂದೆ ಹೋದವು. ಪರಿವಿಡಿಯಲ್ಲಿದ್ದದ್ದೆಲ್ಲ ಸುಳ್ಳಾಯಿತು. ಅದನ್ನು ಮತ್ತೆ ಟೈಪ್ ಮಾಡುವಷ್ಟು ಹೊತ್ತಿಲ್ಲ. ಮೂರ್ತಿಗಾರು ಕಣ್ಣು ಮುಚ್ಚಿ ಯೋಚಿಸಿದರು.

“ಒಂದು ಪುಟ ಹೆಚ್ಚಾಗಿದೆ. ಹಾಗಾದರೆ ಒಂದು ಪುಟ ತೆಗೆದುಬಿಡಿ. ಲೆಕ್ಕ ಸರಿಹೋಗುತ್ತದೆ.”

“ಯಾವ ಪುಟ ಸಾರ್?”

“ಭಾವಚಿತ್ರ ಇಲ್ಲದ ಯಾವುದಾದರೂ ಪುಟ.”

ಭಾವಚಿತ್ರದ ಹಿಂದೆಯೇ ಇದ್ದದ್ದು ಪಂಪಿನ ವಿವರದ ಪುಟ. ಅದನ್ನು ಅವರೇ ಕೈಯಾರೆ ತೆಗೆದು, ಪರಿವಿಡಿಯಲ್ಲಿ ಅದರ ಹೆಸರಿದ್ದ ಕಡೆ ಭಾವಚಿತ್ರದ ಹೆಸರು ಹಾಕಿಸಿದರು. ಮೂರು ದಿನಗಳ ಮೇಲೆ ಟೆಂಡರು ಕರೆದವರು ಫೋನ್ ಮಾಡಿ, ನೀವು ಮಾರಬೇಕೆಂದಿರುವುದು ಏನು ಎಂದು ಕೇಳಿದರು. ಕೆಲಸ ಕೈತಪ್ಪಿತು. ಪರಿವಿಡಿಯಲ್ಲಿ ಮಾತ್ರ ಒಂದೇ ಒಂದು ತಪ್ಪು ಇರಲಿಲ್ಲ.

ಆ ಘಟನೆಯ ಮೇಲೆ ನಾನು ಕಾಲೋನಿಯ ಒಂದು ಕಂಪ್ಯೂಟರ್ ಕೋಚಿಂಗ್ ಕೇಂದ್ರಕ್ಕೆ ಸೇರಿದೆ. ಅಲ್ಲಿ ಕಲಿಸುತ್ತಿದ್ದವರು ಪದ್ಮಾವತಿ ಎಂಬ ಟೀಚರ್. ನನ್ನ ಕೈಯಲ್ಲಿ ಒಂದು ಪತ್ರ ಟೈಪ್ ಮಾಡಿಸಿದರು. ಆಮೇಲೆ ಕೇಳಿದರು:

“ಇದರಲ್ಲಿ ಶೀರ್ಷಿಕೆ ಯಾವುದು?”

“ಮಧ್ಯದಲ್ಲಿ ದಪ್ಪಗೆ ಇದೆಯಲ್ಲ, ಅದು.”

“ನಿಮಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಾ? ಅದಕ್ಕೆ ಕಾಣೋದು ಒಂದಿಷ್ಟು ಖಾಲಿ ಜಾಗ, ಆಮೇಲೆ ನಾಲ್ಕು ದಪ್ಪ ಅಕ್ಷರ. ಶೀರ್ಷಿಕೆ ಅಂತ ನೀವು ಅದಕ್ಕೆ ಹೇಳೇ ಇಲ್ಲವಲ್ಲಾ ಅಮ್ಮಾ.”

ಇದು ಶೀರ್ಷಿಕೆ, ಇದು ಉಪಶೀರ್ಷಿಕೆ, ಇದು ಸಾಮಾನ್ಯ ಬರಹ ಎಂದು ಒಂದೊಂದಕ್ಕೂ ಹೆಸರು ಕೊಡುವುದನ್ನು ಅವರು ತೋರಿಸಿದರು. ಶೀರ್ಷಿಕೆ ಎಂಬುದು ಹೇಗೆ ಕಾಣಬೇಕು ಎನ್ನುವುದನ್ನು ಬೇರೆ ಒಂದು ಜಾಗದಲ್ಲಿ ಒಂದೇ ಸಲ ಹೇಳಿಟ್ಟರೆ ಸಾಕು. ಅಲ್ಲಿ ಬದಲಾಯಿಸಿದರೆ ಇಡೀ ಪುಸ್ತಕದ ಶೀರ್ಷಿಕೆಗಳು ತಾವಾಗಿ ಬದಲಾಗುತ್ತವೆ. ಪರಿವಿಡಿಯನ್ನು ಕಂಪ್ಯೂಟರೇ ಬರೆದುಕೊಳ್ಳುತ್ತದೆ. “ಮೊದಲು ಏನು ಅಂತ ಹೇಳಿ. ಹೇಗೆ ಕಾಣಬೇಕು ಅನ್ನೋದು ಆಮೇಲೆ. ಎರಡನ್ನೂ ಕಲಸಬೇಡಿ” ಎಂದರು. ಅಷ್ಟು ದಿನ ಸವೆಸಿದ ಸ್ಪೇಸ್‌ಬಾರ್ ನೆನೆದು ನನ್ನ ಹೆಬ್ಬೆರಳು ನಿಜವಾಗಿಯೂ ನೋಯತೊಡಗಿತು.

ಮುಂದಿನ ಟೆಂಡರನ್ನು ಹಾಗೆಯೇ ಮಾಡಿದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದುಹೋಯಿತು. ಮೂರ್ತಿಗಾರು ಅನುಮಾನದಿಂದ ಪುಟ ತಿರುವಿದರು, ಸ್ಕೇಲು ಇಟ್ಟರು, ತಪ್ಪು ಸಿಗಲಿಲ್ಲ. “ಇಷ್ಟು ಬೇಗ ಆಗಿದೆ ಅಂದರೆ ಶ್ರದ್ಧೆ ಸಾಲದು” ಎಂದು ಸಂಜೆಯವರೆಗೂ ನನ್ನನ್ನು ಕೂರಿಸಿಕೊಂಡು ಇನ್ನೊಮ್ಮೆ ನೋಡಲು ಹೇಳಿದರು. ಹೊಸಬರೇ, ಕೆಲಸ ಬೇಗ ಮುಗಿಸುವ ವಿದ್ಯೆ ಕಲಿತರೆ ಅದನ್ನು ಯಾರಿಗೂ ತೋರಿಸಬೇಡಿ. ನಾನು ಆಮೇಲೆ ಮುಗಿದ ಕೆಲಸವನ್ನು ಮುಚ್ಚಿಟ್ಟು ಸಾಯಂಕಾಲ ಸುಸ್ತಾದ ಮುಖ ಮಾಡಿಕೊಂಡು ಕೊಡುತ್ತಿದ್ದೆ. ಶ್ರದ್ಧೆ ಹೆಚ್ಚಿದೆ ಎಂದು ಮೂರ್ತಿಗಾರು ಮಾಲೀಕರ ಎದುರೇ ಹೊಗಳಿದರು.

ನಡುವೆ ಕೆಲವು ವರ್ಷ ನಮ್ಮ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು, ನಾನೂ ಹೊರಟೆ. ಬೆಂಜ್ ಸರ್ಕಲ್ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮನೆಗೆ ಹೋಗುವ ರೋಗಿಗೆ ಕೊಡುವ ಡಿಸ್ಚಾರ್ಜ್ ಪತ್ರ, ಅಂದರೆ ಏನು ಕಾಯಿಲೆ, ಏನು ಮಾಡಿದೆವು, ಮನೆಯಲ್ಲಿ ಯಾವ ಗುಳಿಗೆ ಯಾವಾಗ ನುಂಗಬೇಕು ಎಂದು ತಿಳಿಸುವ ಪತ್ರ, ನಮ್ಮ ವಿಭಾಗದ್ದು. ನನ್ನ ಜೊತೆಗೆ ಇದ್ದವರು ಖಾದರ್. ಬಿಲ್ಲಿಂಗ್ ಕೌಂಟರಿನಲ್ಲಿ ಬಹಳ ಕಾಲ ದುಡಿದು ಬಂದವರು, ಇಬ್ಬರು ಮಕ್ಕಳ ತಂದೆ, ಮಾತು ಕಡಿಮೆ.

ಆಸ್ಪತ್ರೆಯ ಜನರಲ್ ಮ್ಯಾನೇಜರ್ ಚಕ್ರಧರ್‌ಗಾರು ಅದಕ್ಕೂ ಮುಂಚೆ ಅದೇ ರಸ್ತೆಯಲ್ಲಿ ಸೀರೆ ಷೋರೂಮು ನಡೆಸುತ್ತಿದ್ದವರು. ಡಿಸ್ಚಾರ್ಜ್ ಪತ್ರವನ್ನು ಅವರು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಸೆರಗಿನಂತೆ ಇಳಿಬಿಟ್ಟು ನೋಡುತ್ತಿದ್ದರು. ಒಳಗೆ ಬರೆದದ್ದನ್ನು ಅವರು ಓದಿದ್ದನ್ನು ನಾನು ಕಂಡಿಲ್ಲ.

ನಾನು ಬರುವ ಮೊದಲೇ ಯಾರೋ ಮಾಡಿಟ್ಟಿದ್ದ ಪತ್ರದ ನಮೂನೆ ಒಂದು ಇತ್ತು. ಎಡಗಡೆ ಗುಳಿಗೆಗಳ ಹೆಸರು ಒಂದರ ಕೆಳಗೊಂದು. ಬಲಗಡೆ ಬೇರೆಯೇ ಒಂದು ಡಬ್ಬಿಯೊಳಗೆ ‘ರಾತ್ರಿ ಒಂದು’, ‘ದಿನಕ್ಕೆ ಮೂರು’ ಎಂದು ಪ್ರಮಾಣಗಳು ಒಂದರ ಕೆಳಗೊಂದು. ಹೆಸರಿಗೂ ಪ್ರಮಾಣಕ್ಕೂ ಇದ್ದ ಸಂಬಂಧ ಬಸ್ಸಿನಲ್ಲಿ ಅಕ್ಕಪಕ್ಕ ನಿಂತವರ ಸಂಬಂಧದಷ್ಟೇ. ಇದನ್ನು ಕೋಷ್ಟಕಕ್ಕೆ ಹಾಕಿ ಪ್ರತಿ ಗುಳಿಗೆಯನ್ನೂ ಅದರ ಪ್ರಮಾಣವನ್ನೂ ಒಂದೇ ಸಾಲಿಗೆ ಕಟ್ಟಿಹಾಕೋಣ ಎಂದು ನಾನು ಸೇರಿದ ಹೊಸದರಲ್ಲೇ ಹೇಳಿದ್ದೆ. “ಚೆನ್ನಾಗಿ ಕಾಣುತ್ತಿರುವುದನ್ನು ಯಾಕೆ ಕೆದಕುತ್ತೀರಿ ವಿಮಲಗಾರೂ? ಕೋಷ್ಟಕ ಅಂದರೆ ಲೆಕ್ಕದ ಪುಸ್ತಕದ ಹಾಗೆ ಕಾಣುತ್ತದೆ” ಎಂದರು ಚಕ್ರಧರ್‌ಗಾರು.

ಮುಂದೆ ಆಸ್ಪತ್ರೆಯ ವಾರ್ಷಿಕೋತ್ಸವ ಹತ್ತಿರ ಬಂತು. ನನ್ನನ್ನು ಅದರ ಸ್ಮರಣ ಪುಸ್ತಿಕೆಗೆ ಕೂರಿಸಿದರು. ಆ ವಾರವೇ ಹೊರಗಿನ ಒಬ್ಬ ವಿನ್ಯಾಸಕಾರರನ್ನು ಕರೆಸಿ ಡಿಸ್ಚಾರ್ಜ್ ಪತ್ರಕ್ಕೆ ಹೊಸ ರೂಪ ಕೊಡಿಸಿದರು. ಎಡಕ್ಕೆ ಅಗಲವಾದ ಹಸಿರು ಅಂಚು, ಗುಳಿಗೆಗಳ ಹೆಸರಿಗೆ ಬಾಲ ಬಾಲದ ಸುರುಳಿ ಅಕ್ಷರ. ಪತ್ರ ಮದುವೆಯ ಕರೆಯೋಲೆಯಂತೆ ಕಾಣುತ್ತಿತ್ತು. ಚಕ್ರಧರ್‌ಗಾರು ಸೆರಗು ಇಳಿಬಿಟ್ಟು ನೋಡಿ, “ಇಂದಿನಿಂದಲೇ ಇದೇ” ಎಂದರು. ಡಾಕ್ಟರುಗಳು ಎಂದಿನಂತೆ ಕೆಳಗೆ ಸಹಿ ಹಾಕಿದರು.

ಮರುದಿನ ಮಧ್ಯಾಹ್ನ ರಿಸೆಪ್ಷನ್‌ನಿಂದ ಕರೆ ಬಂತು: ಹಳೆಯ ಪೇಟೆ ಒನ್ ಟೌನಿನಿಂದ ಒಬ್ಬ ಹೆಂಗಸು ಬಂದಿದ್ದಾರೆ, ಗಲಾಟೆ ಮಾಡುತ್ತಿದ್ದಾರೆ, ಸಿಟ್ಟು ಬಂದಾಗ ಕನ್ನಡಕ್ಕೆ ಹೋಗುತ್ತಿದ್ದಾರೆ, ನೀವು ಬನ್ನಿ. ಹೋದೆ. ಆಕೆ ನೀಲಮ್ಮ. ಹಿರಿಯರ ಕಾಲದಲ್ಲೇ ರಾಯಚೂರಿನ ಕಡೆಯಿಂದ ಬಂದು ನೆಲೆಸಿದ ಮನೆತನ. ಅಳಿಯಂದಿರು, ಸೊಸೆಯಂದಿರು ಎಲ್ಲ ತೆಲುಗಿನವರು. ಗಂಡ ವೀರಣ್ಣನವರಿಗೆ ಅರಿಸಿನ, ಮೆಣಸಿನಕಾಯಿಯ ಸಗಟು ವ್ಯಾಪಾರ. ಹೃದಯದ ಚಿಕಿತ್ಸೆ ಮುಗಿಸಿಕೊಂಡು ಹಿಂದಿನ ದಿನವಷ್ಟೇ ಮನೆಗೆ ಹೋಗಿದ್ದರು.

“ಅಕ್ಕಾರ, ನೀವು ಕನ್ನಡದಾರಂತ. ಇದನ್ನ ಒಂದೀಟು ಚೂಡಂಡಿ” ಎಂದು ಪತ್ರ ಮುಂದೆ ಹಿಡಿದರು. “ದವಾಖಾನ್ಯಾಗ ನಿದ್ದಿ ಗುಳಿಗಿ ರಾತ್ರಿ ಒಂದ ಕೊಡ್ತಿದ್ರು. ಇದರಾಗ ದಿನಕ್ಕ ಮೂರು ಅಂತ ಐತಿ, ಅಳಿಯ ಓದಿ ಹೇಳಿದ. ಕೌಂಟರಿನ ಆ ಹುಡುಗಿನ್ನ ಕೇಳಿದ್ರ, ಡಾಕ್ಟರ್ ಬರದಂಗ ಮಾಡ್ರಿ ಅಂತಾಳ. ದಿನಕ್ಕ ಮೂರು ನಿದ್ದಿ ಮಾಡಿದ್ರ ಅಂಗಡಿ ಯಾರು ನೋಡ್ತಾರ?”

“ಕೊಟ್ಟೀರೇನು?”

“ಕೊಡದ ಬಿಡ್ತೀನೇನು? ದೊಡ್ಡ ಡಾಕ್ಟರ ಸಹಿ ಐತಿ. ನಿನ್ನಿ ರಾತ್ರಿ ಕೊಟ್ಟೆ, ಮುಂಜಾನಿ ಕೊಟ್ಟೆ, ಮಧ್ಯಾಹ್ನ ಕೊಟ್ಟೆ. ಈಗ ಎಬ್ಬಿಸಿದರ ಹೂಂ ಅಂತಾರ, ಮತ್ತ ಕಣ್ಣು ಮುಚ್ತಾರ. ನನಗ ಯಾಕೋ ಹೆದರಿಕಿ ಆಗೇತ್ರಿ ಅಕ್ಕಾರ.”

ಪತ್ರ ನೋಡಿದೆ. ಎರಡನೆಯ ಗುಳಿಗೆಯ ಹೆಸರು ಉದ್ದ. ಹಸಿರು ಅಂಚು ಜಾಗ ತಿಂದಿದ್ದರಿಂದ, ಸುರುಳಿ ಅಕ್ಷರ ಅಗಲವಾಗಿದ್ದರಿಂದ ಆ ಹೆಸರು ಮುರಿದು ಎರಡು ಸಾಲಾಗಿತ್ತು. ಅದರ ಕೆಳಗಿನ ಹೆಸರುಗಳೆಲ್ಲ ಒಂದೊಂದು ಸಾಲು ಕೆಳಕ್ಕೆ ಜಾರಿದ್ದವು. ಬಲಗಡೆಯ ಪ್ರಮಾಣಗಳು ಇದ್ದಲ್ಲೇ ನಿಂತಿದ್ದವು. ವಿಟಮಿನ್ನಿಗೆ ಬರೆದ ‘ದಿನಕ್ಕೆ ಮೂರು’ ನಿದ್ರೆಯ ಗುಳಿಗೆಯ ಪಕ್ಕಕ್ಕೆ ಬಂದಿತ್ತು. ರಕ್ತ ತೆಳುವಾಗಿಸುವ ಗುಳಿಗೆಗೆ ನಿದ್ರೆಯ ಗುಳಿಗೆಯ ಪ್ರಮಾಣ. ಕೊನೆಯಲ್ಲಿದ್ದ ವಿಟಮಿನ್ನಿನ ಎದುರು ಏನೂ ಇಲ್ಲ.

ಓಡುತ್ತ ಹೋಗಿ ಡಾಕ್ಟರ್ ಸುಜಾತಾ ಅವರಿಗೆ ತೋರಿಸಿದೆ. ವೀರಣ್ಣನವರನ್ನು ನೋಡಿಕೊಂಡವರು ಅವರೇ. ಒಂದೇ ನೋಟಕ್ಕೆ ಅವರಿಗೆ ತಿಳಿಯಿತು. “ಆಂಬುಲೆನ್ಸ್ ಕಳಿಸಿ. ಈ ನಮೂನೆಯ ಪತ್ರ ಹಿಡಿದು ಇನ್ನೂ ಎಷ್ಟು ಜನ ಹೋಗಿದ್ದಾರೋ ಎಲ್ಲರಿಗೂ ಈಗಲೇ ಫೋನ್ ಮಾಡಿ” ಎಂದರು. ಅಷ್ಟರಲ್ಲಿ ಸುದ್ದಿ ತಿಳಿದು ಚಕ್ರಧರ್‌ಗಾರು ಬಂದರು.

“ಆಂಬುಲೆನ್ಸ್ ಬೇಡಮ್ಮಾ. ಅದರ ಮೇಲೆ ನಮ್ಮ ಹೆಸರಿದೆ. ಪೇಟೆಯ ನಡುವೆ ನಿಂತರೆ ಜನ ಏನಂದುಕೊಳ್ಳುತ್ತಾರೆ? ಫೋನ್ ಮಾಡಿ, ಆದರೆ ತಪ್ಪಾಗಿದೆ ಅನ್ನಬೇಡಿ. ಸೌಜನ್ಯದ ಕರೆ ಅನ್ನಿ. ನಮ್ಮ ಸೇವೆ ಹೇಗಿತ್ತು, ಊಟ ಹೇಗಿತ್ತು ಅಂತ ಕೇಳಿ. ಮಾತಿನ ನಡುವೆ ಮೆಲ್ಲಗೆ ಗುಳಿಗೆಯ ವಿಷಯ ತನ್ನಿ.”

“ಊಟದ ವಿಷಯ ಅವರು ಬದುಕಿದರೆ ಕೇಳೋಣ ಅಂಡಿ” ಎಂದರು ಡಾಕ್ಟರ್ ಸುಜಾತಾ. ಆಂಬುಲೆನ್ಸ್ ಹೊರಟಿತು.

ಮನೆಯವರು ಬೇರೆಯವರ ಮಾತು ನಂಬಲಿಕ್ಕಿಲ್ಲವೆಂದು ನೀಲಮ್ಮನವರ ಜೊತೆ ನಾನೂ ಹತ್ತಿಕೊಂಡೆ. ಒನ್ ಟೌನಿನ ಆ ಗಲ್ಲಿಯಲ್ಲಿ ಲಾರಿಗಳು ಸರಕು ಇಳಿಸುತ್ತಿದ್ದವು. ಆಂಬುಲೆನ್ಸ್ ಒಳಗೆ ಹೋಗಲಿಲ್ಲ. ಹಮಾಲರು ಚೀಲ ಎಳೆಯುವ ತಳ್ಳುಗಾಡಿಯ ಮೇಲೆ ಹಾಸಿಗೆ ಹಾಸಿ ವೀರಣ್ಣನವರನ್ನು ಮಲಗಿಸಿಕೊಂಡು ಬಂದರು. ಮೆಣಸಿನ ಘಾಟಿಗೆ ನಾವೆಲ್ಲ ಸೀನುತ್ತಿದ್ದೆವು. ಅವರೊಬ್ಬರು ಸೀನಲಿಲ್ಲ. ಅದನ್ನು ಕಂಡೇ ನೀಲಮ್ಮ ಅಳಲು ಶುರುಮಾಡಿದರು. ಗಾಡಿ ಒಮ್ಮೆ ಜೋರಾಗಿ ಕುಲುಕಿದಾಗ ವೀರಣ್ಣನವರು ಕಣ್ಣು ತೆರೆಯದೆ, “ತೂಕ ನೋಡಿ ಹಾಕ್ರೋ” ಎಂದು ಗೊಣಗಿದರು. ನೀಲಮ್ಮ ಅಳುತ್ತಲೇ ನಕ್ಕರು.

ಅವರು ಉಳಿದರು. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ರಕ್ತ ಪರೀಕ್ಷೆ ಮತ್ತೆ ಮತ್ತೆ ಮಾಡಿಸಿ, ಅಪಾಯವಿಲ್ಲ ಎಂದಾದ ಮೇಲೆ ಕಳಿಸಿದರು.

ಅತ್ತ ಖಾದರ್ ಮತ್ತು ನರ್ಸುಗಳು ಉಳಿದವರಿಗೆಲ್ಲ ಫೋನ್ ಮಾಡಿದ್ದರು. ಒಬ್ಬರು, ಆ ಸುರುಳಿ ಅಕ್ಷರ ಓದಲಾಗದೆ ಪತ್ರವನ್ನು ದೇವರ ಮುಂದೆ ಇಟ್ಟು ಹಳೆಯ ಗುಳಿಗೆಯನ್ನೇ ನುಂಗುತ್ತಿದ್ದರು. ಇನ್ನೊಬ್ಬರು, ಆಸ್ಪತ್ರೆಯವರು ಹೇಗೂ ಹೆಚ್ಚು ಬರೆಯುತ್ತಾರೆಂದು ಬೀದಿಯ ಮೆಡಿಕಲ್ ಷಾಪಿನವನನ್ನು ಕೇಳಿಯೇ ನುಂಗುವವರು. ಮೂರನೆಯವರು ಏನನ್ನೂ ನುಂಗಿರಲಿಲ್ಲ. ನಮ್ಮ ಪತ್ರವನ್ನು ನಂಬಿ ಅಕ್ಷರಶಃ ಪಾಲಿಸಿದ್ದವರು ನೀಲಮ್ಮ ಒಬ್ಬರೇ. ಅನುಮಾನ ಬಂದು ಓಡಿಬಂದವರೂ ಅವರೊಬ್ಬರೇ.

ಆಮೇಲೆ ವಿಚಾರಣಾ ಸಮಿತಿ ಕೂತಿತು. ಅಧ್ಯಕ್ಷರು ಚಕ್ರಧರ್‌ಗಾರು. ಕೂರುವ ಮೊದಲೇ ತೀರ್ಮಾನ ಸಿದ್ಧವಿತ್ತು: ಟೈಪ್ ಮಾಡಿದ್ದು ಖಾದರ್, ಆದ್ದರಿಂದ ಖಾದರ್ ಮನೆಗೆ. ಅಂದು ಬೆಳಿಗ್ಗೆ ಖಾದರ್ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಅಮ್ಮಾ, ಮೂರು ಸಲ ತಾಳೆ ನೋಡಿದ್ದೆ. ಒಂದು ಅಕ್ಷರ ತಪ್ಪು ಟೈಪ್ ಮಾಡಿಲ್ಲ. ನನ್ನ ಮಕ್ಕಳಾಣೆ.”

ಅದು ನಿಜವಾಗಿತ್ತು. ಪತ್ರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಪತ್ರವೇ ತಪ್ಪಾಗಿತ್ತು. ಇದನ್ನು ಸಮಿತಿಗೆ ಬಾಯಲ್ಲಿ ಹೇಳಿದರೆ ವೇದಾಂತ ಎನ್ನುತ್ತಾರೆಂದು ಡಾಕ್ಟರ್ ಸುಜಾತಾ ಅವರೊಡನೆ ಮಾತಾಡಿಕೊಂಡು ಕಂಪ್ಯೂಟರನ್ನೇ ಸಭೆಗೆ ಒಯ್ದೆ. ಹಳೆಯ ನಮೂನೆಯಲ್ಲಿ ಸರಿಯಾಗಿದ್ದ ಒಂದು ಪತ್ರವನ್ನು ಗೋಡೆಯ ದೊಡ್ಡ ಪರದೆಯ ಮೇಲೆ ತೆರೆದೆ. ಖಾದರ್ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

“ಸಾರ್, ನಿಮಗೆ ಇಷ್ಟವಾದ ಅಂಚು ಹಾಕುತ್ತೇನೆ” ಎಂದೆ. ಹಸಿರು ಅಂಚು ಬಂತು. “ನಿಮಗೆ ಇಷ್ಟವಾದ ಅಕ್ಷರ.” ಸುರುಳಿ ಬಂತು. ಎಲ್ಲರ ಕಣ್ಣೆದುರೇ ಗುಳಿಗೆಗಳು ಒಂದು ಸಾಲು ಕೆಳಗಿಳಿದವು. ಒಬ್ಬ ಹಿರಿಯ ಡಾಕ್ಟರು ತಮ್ಮ ಸಹಿ ಎಲ್ಲಿದೆ ಎಂದು ನೋಡಿಕೊಂಡರು.

“ಖಾದರ್ ಇಲ್ಲೇ ಕೂತಿದ್ದಾರೆ. ಕೀಬೋರ್ಡ್ ಮುಟ್ಟಿಲ್ಲ” ಎಂದರು ಡಾಕ್ಟರ್ ಸುಜಾತಾ. “ಅವರನ್ನು ತೆಗೆಯುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಹಾಕುವವರು ಕಾರಣ ಬರೆದು ಹಾಕಿ.”

ಯಾರೂ ಹಾಕಲಿಲ್ಲ. ಚಕ್ರಧರ್‌ಗಾರು ನೀರು ಕುಡಿದು, “ಹಾಗಾದರೆ ಇದು ಕಂಪ್ಯೂಟರಿನ ತಪ್ಪು” ಎಂದರು. ಕಂಪ್ಯೂಟರಿಗೆ ಮಕ್ಕಳಿಲ್ಲವಾದ್ದರಿಂದ ನಾವೂ ಒಪ್ಪಿಕೊಂಡೆವು. ವರದಿಯಲ್ಲಿ ‘ತಾಂತ್ರಿಕ ಕಾರಣ’ ಎಂದು ಬರೆದರು. ಆ ವರದಿಯ ಶೀರ್ಷಿಕೆಯನ್ನು ಚಕ್ರಧರ್‌ಗಾರ ಕಾರ್ಯದರ್ಶಿ ಸ್ಪೇಸ್‌ಬಾರ್ ಒತ್ತಿಯೇ ನಡುವಿಗೆ ತಂದಿದ್ದರು.

ಆ ವಾರ ನಾನೂ ಖಾದರೂ ಕೂತು ಹೊಸ ನಮೂನೆ ಮಾಡಿದೆವು. ಗುಳಿಗೆ, ಪ್ರಮಾಣ, ಎಷ್ಟು ದಿನ ಎಂಬುದೆಲ್ಲ ಒಂದೇ ಸಾಲಿನಲ್ಲಿ ಒಟ್ಟಿಗೆ. ಹೆಸರು ಎಷ್ಟೇ ಉದ್ದವಾಗಿ ಮುರಿದರೂ ಅದರ ಪ್ರಮಾಣ ಅದನ್ನು ಬಿಟ್ಟು ಹೋಗದು. ಪ್ರತಿ ಭಾಗಕ್ಕೂ ಹೆಸರು ಕೊಟ್ಟೆವು. ಬಣ್ಣ, ಅಕ್ಷರ, ಅಂಚು ಎಲ್ಲ ಬೇರೆ ಒಂದೇ ಕಡೆ. ಟೈಪ್ ಮಾಡುವವರು ಅವನ್ನು ಮುಟ್ಟುವಂತಿಲ್ಲ, ಅವನ್ನು ಬದಲಾಯಿಸುವವರು ಗುಳಿಗೆಯನ್ನು ಮುಟ್ಟುವಂತಿಲ್ಲ. ಡಾಕ್ಟರ್ ಸುಜಾತಾ ಇದ್ದಬದ್ದ ಉದ್ದ ಹೆಸರಿನ ಮದ್ದುಗಳನ್ನೆಲ್ಲ ಹಾಕಿಸಿ ಪರೀಕ್ಷೆ ಮಾಡಿದರು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಚಕ್ರಧರ್‌ಗಾರು ಇದನ್ನು ತಮ್ಮ ಹೊಸ ಯೋಜನೆ ಎಂದು ಪರಿಚಯಿಸಿ ಶಾಲು ಹೊದಿಸಿಕೊಂಡರು. ಖಾದರ್ ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಸಾಹೇಬರ ಅಭಿರುಚಿಯನ್ನು ತಿದ್ದಲು ಹೋಗಬೇಡಿ, ಅದು ನಿಮ್ಮ ನೌಕರಿಯಲ್ಲಿ ಮುಗಿಯುವ ಕೆಲಸವಲ್ಲ. ಅದಕ್ಕೆ ಬೇರೆ ಒಂದು ಕೋಣೆ ಕಟ್ಟಿಕೊಡಿ. ಅಲ್ಲಿ ಅವರು ಏನು ಬೇಕಾದರೂ ಆಡಲಿ.

ಸಂಕ್ರಾಂತಿಯ ಮುಂಚಿನ ಒಂದು ದಿನ ಚಕ್ರಧರ್‌ಗಾರು ನಮ್ಮ ಕೋಣೆಗೆ ಬಂದರು. ಹಬ್ಬಕ್ಕೆ ಪತ್ರದ ಸುತ್ತ ನವಿಲಿನ ಅಂಚು ಬೇಕು, ಅಕ್ಷರಕ್ಕೆ ಬಂಗಾರದ ಬಣ್ಣ ಬೇಕು ಎಂದರು. ಹಾಕಿದೆ. ನವಿಲು ಸಣ್ಣದಾಯಿತು ಎಂದರು. ದೊಡ್ಡದು ಮಾಡಿದೆ. ಅಕ್ಷರ ಇನ್ನಷ್ಟು ಸುರುಳಿಯಾಗಲಿ ಎಂದರು. ಮಾಡಿದೆ. ನೇರವಾಗಲಿ ಎಂದರು. ಅದನ್ನೂ ಮಾಡಿದೆ. ನನಗೆ ಒಂಚೂರೂ ಸಿಟ್ಟು ಬರಲಿಲ್ಲ. ನವಿಲಿನ ಕುತ್ತಿಗೆ ಯಾವ ಕಡೆ ತಿರುಗಬೇಕು ಎಂದು ಅವರು ಯೋಚಿಸುತ್ತ ನಿಂತಿದ್ದಾಗ, ಪಕ್ಕದ ಮೇಜಿನಲ್ಲಿ ಖಾದರ್ ಪ್ರಿಂಟರಿನಿಂದ ಆಗಷ್ಟೇ ಬಂದ ಬಿಸಿ ಹಾಳೆಯನ್ನು ತೆಗೆದುಕೊಂಡು, ಮನೆಗೆ ಹೊರಟಿದ್ದ ಒಬ್ಬ ಅಜ್ಜಿಯ ಎದುರು ಬಗ್ಗಿ, ಬೆರಳಿಟ್ಟು ಓದಿ ಹೇಳುತ್ತಿದ್ದರು:

“ಇದು ರಾತ್ರಿ ಒಂದು, ಮಾಮ್ಮಾ. ಒಂದೇ ಒಂದು.”